ಮಾವನ ಮಳೆ ಪುಸ್ತಕಗಳನ್ನು ಬ್ಲಾಗಿಗೆ ಹಾಕಬೇಕು. ಹೆಸರು, ವಿಳಾಸ, ಅಡಿಬರಹ ಏನಿಡಲಿ?

ತೋಟದಮನೆ, ಬಣಕಲ್

ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಹತ್ತಿರ ಸಣ್ಣ ಕಾಫಿ ತೋಟ. ಜಾಸ್ತಿ ರೊಬಸ್ಟಾ, ಮೇಲಿನ ಗುಡ್ಡದ ಕಡೆ ಒಂದಿಷ್ಟು ಅರೇಬಿಕಾ, ನೆರಳಿನ ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ನಾನೊಂದು ಬ್ಲಾಗ್ ಶುರು ಮಾಡುತ್ತಿದ್ದೇನೆ. ಏನು ಬರೆಯಬೇಕು ಅನ್ನೋದರಲ್ಲಿ ಗೊಂದಲ ಇಲ್ಲ. ಹೆಸರು, ವೆಬ್ ವಿಳಾಸ, ಹೆಸರಿನ ಕೆಳಗೆ ಹಾಕುವ ಅಡಿಬರಹ, ಈ ಮೂರು ಮಾತ್ರ ಗಟ್ಟಿಯಾಗುತ್ತಿಲ್ಲ.

ವಿಷಯ ಹೇಳದೆ ಹೆಸರು ಕೇಳಿದರೆ ನಿಮಗೂ ಕಷ್ಟ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಮಾವ 1978ರಿಂದ ಮಳೆ ಬರೆದಿಟ್ಟಿದ್ದಾರೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಮರದ ಹನಿ ಬೀಳದ ಕಡೆ, ಮಳೆ ಮಾಪಕ ನಿಲ್ಲಿಸಿದ್ದಾರೆ. ಬೆಳಗ್ಗೆ ಕಾಫಿ ಕುಡಿದ ತಕ್ಷಣ ಅಳೆಯೋದು, ಪುಸ್ತಕದಲ್ಲಿ ಬರೆಯೋದು. ತಾರೀಕು, ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ), ಪಕ್ಕದಲ್ಲಿ ಒಂದು ಸಾಲು. ಆ ಸಾಲುಗಳನ್ನು ಓದುತ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ‘ಹೊಳೆ ಪಕ್ಕದ ಪಟ್ಟೆಗೆ ಹೂ ಬಂತು.’ ‘ಮರಗಸಿ ಮುಗಿಯಿತು, ಆಳು ಕಮ್ಮಿ.’ (ಮರಗಸಿ ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋದು.) ‘ಮಳೆ ಬಿಡಲಿಲ್ಲ, ಗೊಬ್ಬರ ಹಾಗೇ ಇದೆ.’ 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದವಲ್ಲ, ಆ ವಾರದ ಪುಟದಲ್ಲಿ ಒಂದು ದಿನ ಅಂಕಿಯೇ ಇಲ್ಲ. ‘ಮಾಪಕ ತುಂಬಿ ಹೊರಗೆ ಹೋಗಿದೆ’ ಅಂತ ಮಾತ್ರ ಇದೆ. ಎಲ್ಲಾ ಪೆನ್ಸಿಲ್ ಬರಹ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಇಂಕು ಹರಡಿಬಿಡುತ್ತದೆ.

ಮಾವ ಈಗಿಲ್ಲ. ಅಳೆಯುವ ಕೆಲಸ ನನಗೆ ಬಂದಿದೆ. ಪುಸ್ತಕಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರೂ ಕೆಲವಕ್ಕೆ ಬೂಷ್ಟು ಹಿಡಿದಿದೆ. ಪುಟ ಉದುರುವ ಮೊದಲು ಎಲ್ಲವನ್ನೂ ಬ್ಲಾಗಿಗೆ ಏರಿಸಬೇಕು, ಜೊತೆಗೆ ಈಗಿನ ಮಳೆ, ಈಗಿನ ತೋಟದ ಕೆಲಸವನ್ನೂ ಬರೆಯಬೇಕು. ಓದುವವರು ಯಾರು ಅಂದ್ರೆ ಮೊದಲು ನಮ್ಮ ಸುತ್ತಮುತ್ತಲಿನ ಸಣ್ಣ ಬೆಳೆಗಾರರು. ಆಮೇಲೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಕ್ಕಳು. ಊರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳೋದೇ ‘ಮಳೆ ಎಷ್ಟಾಯ್ತು’ ಅಂತ.

ಹೆಸರಿಗೆ ಬಂದರೆ, ನನ್ನ ಮನಸ್ಸಿನಲ್ಲಿರೋದು ‘ಮಳೆ ಲೆಕ್ಕ’. ಮಗಳಿಗೆ ‘ಇಂಚು ಸೆಂಟು’ ಅಂತ ಇಡಬೇಕು, ಬೇರೆ ಯಾರ ಹತ್ತಿರವೂ ಇಲ್ಲದ ಹೆಸರು ಅಂತಾಳೆ. ನಮ್ಮನೆಯವರು ‘ಚಿಕ್ಕಮಗಳೂರು ಕಾಫಿ ಡೈರಿ’ ಇರಲಿ, ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತೆ ಅಂತಾರೆ. ಮೈದುನ ಹೇಳಿದ್ದು ‘ಕಾಫಿ ಕಣ’. ತೋಟದ ಹೆಸರನ್ನೇ ಇಡೋಣ ಅಂತಲೂ ಒಂದು ಮಾತು ಬಂತು. ಆದರೆ ಆ ಹೆಸರು ನಮಗೂ ಮೈದುನನಿಗೂ ಸೇರಿದ್ದು, ನಾನು ಬರೆಯೋದಕ್ಕೆಲ್ಲ ಅವರೂ ಹೊಣೆ ಆಗೋದು ನನಗೆ ಇಷ್ಟವಿಲ್ಲ.

ಅಡಿಬರಹ ಸದ್ಯಕ್ಕೆ ‘ಮಲೆನಾಡಿನ ಮಳೆ, ಮಣ್ಣು, ಬದುಕು’ ಅಂತ ಬರೆದುಕೊಂಡಿದ್ದೇನೆ. ವಿಳಾಸ ಬ್ಲಾಗ್‌ಸ್ಪಾಟ್‌ನ ಉಚಿತದ್ದೇ ಸಾಕಾ, ದುಡ್ಡು ಕೊಟ್ಟು ತಗೋಬೇಕಾ? ಕನ್ನಡ ಅಕ್ಷರದಲ್ಲೇ ವಿಳಾಸ ಸಿಗುತ್ತೆ ಅಂತಾರೆ, ಅದು ಕೆಲಸಕ್ಕೆ ಬರುತ್ತಾ? ತಿಳಿದವರು ಹೇಳಿ.

ಡಿಟಿಪಿ ಅಂಗಡಿ, ಹಾಸನ

ಮೇಡಂ, ನಾನು ಡಿಟಿಪಿ ಜೊತೆಗೆ ವೆಬ್‌ಸೈಟ್ ಕೆಲಸವನ್ನೂ ಮಾಡಿಕೊಡುತ್ತೇನೆ. ಹೆಸರನ್ನು ಬರೀ ಕನ್ನಡದಲ್ಲಿ ನೋಡಿ ತೀರ್ಮಾನ ಮಾಡಬೇಡಿ. ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ ಹೋಗುತ್ತದೆ, ಪೆಟ್ಟು ಬೀಳೋದೇ ಅಲ್ಲಿ.

ನಮ್ಮ ಲ, ಳ ಎರಡಕ್ಕೂ ಅಲ್ಲಿರೋದು ಒಂದೇ ಎಲ್. ಮಳೆ ಅಂತ ಬರೆದರೂ ಮಲೆ ಅಂತ ಬರೆದರೂ ಎಂ, ಎ, ಎಲ್, ಇ. ಇಂಗ್ಲಿಷ್ ಓದಿ ಅಭ್ಯಾಸ ಇರುವವರ ಕಣ್ಣಿಗೆ ಅದು ‘ಮೇಲ್’, ಅಂದರೆ ಗಂಡಸು. ಬರಹ ತಂತ್ರಾಂಶದಲ್ಲಿ ಟೈಪ್ ಮಾಡುವವರು ಳ ಬೇಕಾದರೆ ದೊಡ್ಡ ಎಲ್ ಒತ್ತುತ್ತಾರೆ. ಆ ಉಪಾಯ ಇಲ್ಲಿ ನಡೆಯಲ್ಲ, ವೆಬ್ ವಿಳಾಸಕ್ಕೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ. ಹಾಗಂತ ‘ಮಳೆ’ ಬಿಡಿ ಅಂತ ನಾನು ಹೇಳಲ್ಲ. ಅದರ ಮುಂದೆ ಬರೋದು ಕನ್ನಡದ ಪದ ಅಂತ ಗೊತ್ತಾದರೆ ಕನ್ನಡದವರು ಸರಿಯಾಗೇ ಓದಿಕೊಳ್ಳುತ್ತಾರೆ. ‘ಮಳೆ ಬುಕ್’ ಅಂತ ಇಟ್ಟಿದ್ದರೆ ಮಾತ್ರ ಖಂಡಿತ ಬೇಡ ಅಂತಿದ್ದೆ.

ಒಂದು ಕೆಲಸ ಮಾಡಿ. ನಿಮ್ಮ ಓದುಗರಂಥವರೇ ನಾಲ್ಕೈದು ಜನಕ್ಕೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ವಾಟ್ಸಾಪ್ ಮಾಡಿ ಅಂತ ಕೇಳಿ. ಸ್ಪೆಲ್ಲಿಂಗ್ ನೀವು ಹೇಳಿಕೊಡಬಾರದು. ಬಂದ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾವ ಹೆಸರು ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ನನ್ನ ಹತ್ತಿರ ಬಂದವರಿಗೆಲ್ಲ ಮೊದಲು ಇದನ್ನೇ ಮಾಡಿಸುತ್ತೇನೆ.

ನಿಮ್ಮ ಯಜಮಾನರ ಹೆಸರಿನ ಬಗ್ಗೆ. ಚಿಕ್ಕಮಗಳೂರಿಗೆ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್ ಓಡಾಡುತ್ತಿವೆ. 2014ರ ನವೆಂಬರ್ 1ಕ್ಕೆ ಬೆಂಗಳೂರು, ಮೈಸೂರಿನ ಜೊತೆ ಇದರ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾಯಿತು. ಹಳೆಯದನ್ನು ಬರೆಯುವವರು ಈಗಲೂ ಬೇಕಾದಷ್ಟು ಜನ. ಹೊಸದರಲ್ಲಿ ಕೆ ಎಷ್ಟು, ಎ ಎಷ್ಟು ಅಂತ ಎಣಿಸಬೇಕು. ಅದಕ್ಕಿಂತ ದೊಡ್ಡ ಕಷ್ಟ ಅಂದ್ರೆ ‘ಚಿಕ್ಕಮಗಳೂರು ಕಾಫಿ’ ಅಂತ ಹುಡುಕಿದರೆ ಬರೋದು ಹೋಂಸ್ಟೇಗಳು, ಕಾಫಿಪುಡಿ ಮಾರುವವರು. ಅವರ ನಡುವೆ ನಿಮ್ಮ ಮಾವನ ಪೆನ್ಸಿಲ್ ಬರಹ ಯಾರಿಗೆ ಕಾಣುತ್ತೆ? ಇನ್ನೊಂದು, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ. ಅವುಗಳ ಬಗ್ಗೆ ಬರೆಯೋಕೆ ಏನೂ ಅಡ್ಡಿ ಇಲ್ಲ. ಆದರೆ ಮುಂದೆ ಯಾವತ್ತಾದರೂ ನಿಮ್ಮ ಪುಡಿಯನ್ನು ಆ ಹೆಸರಲ್ಲಿ ಮಾರುವುದಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಬ್ಲಾಗಿನ ಹೆಸರಿಗೆ ಸುಮ್ನೆ ಆ ಗೋಜು ಯಾಕೆ?

ಕನ್ನಡ ಅಕ್ಷರದ ವಿಳಾಸ ಇದೆ. ಕೊನೆಯಲ್ಲಿ ‘ಡಾಟ್ ಭಾರತ’ ಅಂತ ಬರುತ್ತದೆ, ನೋಡೋಕೆ ಬಹಳ ಚೆನ್ನ. ಒಳಗಿನ ಕೆಲಸ ಏನಂದ್ರೆ, ಕಂಪ್ಯೂಟರ್ ಅದನ್ನು ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಯಿಸಿಕೊಳ್ಳುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಕೆಲವು ಸಲ ಆ ಸಾಲೇ ಎದ್ದು ಬರುತ್ತದೆ. ನೋಡಿದವರು ಇದೇನೋ ವೈರಸ್ ಅಂತ ಮುಟ್ಟಲ್ಲ. ಎರಡನೇ ವಿಳಾಸವಾಗಿ ಇಟ್ಟುಕೊಳ್ಳಬಹುದು, ಮೊದಲನೆಯದಾಗಿ ಈಗಲೇ ಬೇಡ.

ಉಚಿತದ್ದು ಸಾಕಾ ಅಂದಿರಿ. ಬ್ಲಾಗ್‌ಸ್ಪಾಟ್‌ನಲ್ಲೇ ಬರೆಯಿರಿ, ಅದಕ್ಕೆ ದುಡ್ಡಿಲ್ಲ. ಆದರೆ ಮೊದಲ ದಿನದಿಂದಲೇ ನಿಮ್ಮದೇ ಒಂದು ವಿಳಾಸ ತಗೊಂಡು ಅದಕ್ಕೆ ಜೋಡಿಸಿ. ಅಷ್ಟು ವರ್ಷಗಳ ದಾಖಲೆ ಅದು. ನಾಳೆ ಬರೆಯುವ ಜಾಗ ಬದಲಾಯಿಸಿದರೂ ವಿಳಾಸ ನಿಮ್ಮ ಜೊತೆಗೇ ಬರುತ್ತದೆ. ‘ಡಾಟ್ ಇನ್’ ತಗೊಳ್ಳಿ, ಫೋನಿನಲ್ಲಿ ಹೇಳೋಕೂ ಸುಲಭ.

ಹಾನುಬಾಳು ಬೆಳೆಗಾರ

ತಂಗಿ, ನನ್ನದು ಸಕಲೇಶಪುರ ತಾಲ್ಲೂಕು. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಮಳೆ ಮಾತ್ರ ನಾನೂ ಬರೆಯುತ್ತೇನೆ, ನಮ್ಮಪ್ಪನೂ ಬರೆಯುತ್ತಿದ್ದರು. ನಿಮ್ಮ ಮಾವ ಪಕ್ಕದಲ್ಲಿ ಸಾಲು ಬರೆದಿಟ್ಟಿದ್ದಾರಲ್ಲ, ಅದು ದೊಡ್ಡ ಆಸ್ತಿ. ನಮ್ಮಲ್ಲಿ ಬರೀ ಅಂಕಿ ಇದೆ. ಯಾವ ವರ್ಷ ಕಾಫಿಗೆ ಹೂ ತರಿಸುವ ಹೂಮಳೆ ಯಾವಾಗ ಬಿತ್ತು ಅಂತ ಗೊತ್ತು, ಆ ವರ್ಷ ಕಾಯಿ ಕಚ್ಚಿತಾ ಅಂತ ಬರೆದಿಲ್ಲ.

ಹೆಸರಿನಲ್ಲಿ ‘ಕಾಫಿ’ ಬೇಡ ಅನ್ನೋದು ನನ್ನ ಮಾತು. ಯಾಕೆ ಹೇಳುತ್ತೇನೆ ಕೇಳಿ. ನಮ್ಮ ಪಕ್ಕದ ತೋಟದಲ್ಲಿ ಕಾಂಡ ಕೊರೆಯುವ ಬೋರರ್ ಹುಳು ಬಿದ್ದು ಅರೇಬಿಕಾ ಹೋಯಿತು. ಅಲ್ಲೀಗ ಅಡಿಕೆ ನಿಂತಿದೆ. ರೇಟು ಏರುತ್ತೆ, ಇಳಿಯುತ್ತೆ, ಗಿಡ ಬದಲಾಗುತ್ತೆ. ನೀವು ಏನೇ ಬೆಳೆದರೂ ಮಳೆ ಅಳೆಯೋದು ಬಿಡಲ್ಲ, ಅಲ್ವಾ? ‘ಕಾಫಿ ಕಣ’ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಕಣಕ್ಕೆ ಕೆಲಸ ಇರೋದು ಕೊಯ್ಲಿನ ತಿಂಗಳುಗಳಲ್ಲಿ. ಜೂನ್, ಜುಲೈನಲ್ಲಿ ಏನು ಬರೆಯುತ್ತೀರಿ? ನಿಮ್ಮ ವಿಷಯ ಇರೋದೇ ಆಗ.

‘ಮಳೆ ಲೆಕ್ಕ’ ಸರಿಯಾಗಿದೆ. ಅದರಲ್ಲಿ ಬಣ್ಣ ಹಚ್ಚಿದ ಮಾತಿಲ್ಲ. ನಮ್ಮಂಥವರಿಗೆ ಒಂದು ಸಲ ಕೇಳಿದರೆ ಒಳಗೆ ಏನಿದೆ ಅಂತ ತಿಳಿಯುತ್ತದೆ.

ಒಂದೇ ಒಂದು ಕೋರಿಕೆ. ಇಂಚು, ಸೆಂಟಿನಲ್ಲೇ ಬರೆಯಿರಿ, ಪಕ್ಕದಲ್ಲಿ ಮಿಲಿಮೀಟರ್ ಕೂಡ ಹಾಕಿ. ಒಂದು ಇಂಚಿಗೆ ನೂರು ಸೆಂಟು, ಅಂದರೆ 25.4 ಮಿಲಿಮೀಟರ್. ನಾವು 2 ಇಂಚು 40 ಸೆಂಟು ಅಂದರೆ ಪೇಪರಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 61 ಮಿಲಿಮೀಟರ್. ನನ್ನ ಮೊಮ್ಮಗನಿಗೆ ನನ್ನ ಲೆಕ್ಕ ತಿಳಿಯಲ್ಲ, ನನಗೆ ಅವನದು ಹಿಡಿಸಲ್ಲ. ಎರಡೂ ಇದ್ದರೆ ಇಬ್ಬರೂ ಓದುತ್ತೇವೆ.

ಕಾರ್ಕಳದ ಮಗಳು, ಚಿಕ್ಕಮಗಳೂರು

ಅಕ್ಕ, ‘ಇಂಚು ಸೆಂಟು’ ಕೇಳಿ ನನಗೆ ಮೊದಲು ಹೊಳೆದಿದ್ದು ಜಾಗದ ವ್ಯಾಪಾರ. ನಮ್ಮ ತವರಿನ ಕಡೆ ಸೆಂಟ್ಸ್ ಅಂದರೆ ಜಾಗದ ಅಳತೆ, ನೂರು ಸೆಂಟ್ಸ್‌ಗೆ ಒಂದು ಎಕರೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹೇಳಿದೆ, ಅವರು ಮೈಗೆ ಹಾಕಿಕೊಳ್ಳುವ ಸೆಂಟಾ ಅಂದರು. ಮಳೆ ಅಂತ ಹೊಳೆಯೋದು ತೋಟದವರಿಗೆ ಮಾತ್ರ. ನಿಮ್ಮ ಮಗಳಿಗೆ ಬೇಜಾರಾಗಬಾರದು, ಹೆಸರು ನಿಜಕ್ಕೂ ಚೆನ್ನಾಗಿದೆ. ಬ್ಲಾಗಿನ ಒಳಗೆ ದಿನದ ಅಂಕಿ ಹಾಕುವ ಅಂಕಣಕ್ಕೆ ಅದನ್ನೇ ಇಡಿ. ಅಲ್ಲಿ ಅರ್ಥ ತಾನಾಗಿ ಆಗುತ್ತೆ.

ನಾನು ಹೇಳಬೇಕು ಅಂತ ಬಂದಿದ್ದು ಅಡಿಬರಹದ ಬಗ್ಗೆ. ‘ಮಲೆನಾಡಿನ ಮಳೆ, ಮಣ್ಣು, ಬದುಕು’ ಅನ್ನೋದನ್ನು ಯಾವ ಬ್ಲಾಗಿಗೆ ಬೇಕಾದರೂ ಅಂಟಿಸಬಹುದು. ಕವನ ಬರೆಯುವವರೂ ಹಾಕಿಕೊಳ್ಳಬಹುದು, ಪ್ರವಾಸದವರೂ ಹಾಕಿಕೊಳ್ಳಬಹುದು. ನಿಮ್ಮ ಹತ್ತಿರ ಇರೋದು ಬೇರೆ ಯಾರ ಹತ್ತಿರವೂ ಇಲ್ಲ. 1978 ಅನ್ನೋ ಇಸವಿ ಇದೆ. ಬಣಕಲ್ ಅನ್ನೋ ಊರಿದೆ. ಒಂದೇ ತೋಟ, ಒಂದೇ ಮಾಪಕ. ಇಷ್ಟನ್ನೂ ಬಿಟ್ಟು ‘ಬದುಕು’ ಅಂತ ಯಾಕೆ ಬರೆಯಬೇಕು?

ಹೆಸರಿನಲ್ಲಿ ಊರೂ ಇಲ್ಲ, ಕಾಫಿಯೂ ಇಲ್ಲ ಅಂದ ಮೇಲೆ ಆ ಎರಡನ್ನೂ ಅಡಿಬರಹ ಹೇಳಬೇಕು. ನಿಮ್ಮ ಮನೆಯವರ ಚಿಂತೆಗೂ ಅದೇ ಉತ್ತರ. ಬೆಂಗಳೂರಲ್ಲಿ ಕೂತವರು ‘ಮೂಡಿಗೆರೆ ಮಳೆ’ ಅಂತ ಹುಡುಕಿದರೆ ಆ ಪದಗಳು ಪುಟದಲ್ಲಿ ಇರಬೇಕಲ್ಲ. ನಾನು ಬರೆದು ನೋಡಿದೆ: ‘ಮೂಡಿಗೆರೆಯ ಬಣಕಲ್ ಬಳಿಯ ಕಾಫಿ ತೋಟವೊಂದರಲ್ಲಿ 1978ರಿಂದ ದಿನವೂ ಬರೆದಿಟ್ಟ ಮಳೆ.’ ಸ್ವಲ್ಪ ಉದ್ದ ಆಯಿತೇನೋ. ಫೋನಿನಲ್ಲಿ ಎರಡು ಸಾಲಿಗೆ ಹೋಗಬಹುದು. ಕತ್ತರಿಸೋದಾದರೆ ಇಸವಿಯನ್ನೂ ಊರನ್ನೂ ಮಾತ್ರ ಬಿಡಬೇಡಿ.

ತೋಟದಮನೆ, ಬಣಕಲ್

ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ವಂದನೆ. ಹಾಸನದವರು ಹೇಳಿದ ಹಾಗೆ ಫೋನ್ ಮಾಡಿದೆ. ಕಳಸದ ಚಿಕ್ಕಮ್ಮ, ಬೆಂಗಳೂರಿನಲ್ಲಿರುವ ಅಕ್ಕನ ಮಗ, ನಮ್ಮ ಮೆಣಸು ತಗೊಳ್ಳುವ ವ್ಯಾಪಾರಿ, ಮಗಳ ಟೀಚರ್, ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್.

‘ಇಂಚು ಸೆಂಟು’ ಒಬ್ಬೊಬ್ಬರಿಂದ ಒಂದೊಂದು ರೀತಿ ಬಂತು. ಸೆಂಟಿಗೆ ಕೆಲವರು ಸಿ ಹಾಕಿದರು, ಕೆಲವರು ಎಸ್ ಹಾಕಿದರು. ಇಂಚಿನ ಕೊನೆಗೆ ಯು ಬೇಕಾ ಬೇಡವಾ ಅಂತ ರೈಟರ್ ನನ್ನನ್ನೇ ತಿರುಗಿ ಕೇಳಿದರು. ಮಗಳು ಪಕ್ಕದಲ್ಲಿ ನಿಂತು ಎಲ್ಲಾ ನೋಡಿದಳು, ಅಂಕಣಕ್ಕೆ ಆ ಹೆಸರು ಅಂದದ್ದು ಅವಳಿಗೆ ತುಂಬಾ ಖುಷಿಯಾಗಿದೆ. ‘ಕಾಫಿ ಕಣ’ದಲ್ಲಿ ಕಾಫಿಯೇ ಎಡವಿತು. ಚಿಕ್ಕಮ್ಮ ಕೆ ಇಂದ ಶುರು ಮಾಡಿದರು, ಅಕ್ಕನ ಮಗ ಇಂಗ್ಲಿಷಿನ ಕಾಫಿ ಬರೆದ.

‘ಮಳೆ ಲೆಕ್ಕ’ದಲ್ಲಿ ‘ಮಳೆ’ಯನ್ನು ಐದು ಜನವೂ ಒಂದೇ ಥರ ಬರೆದರು. ನಾನು ಹೆದರಿದ್ದು ಅದಕ್ಕೇ, ಅಲ್ಲಿ ಏನೂ ತೊಂದರೆ ಆಗಲಿಲ್ಲ. ವ್ಯತ್ಯಾಸ ಬಂದಿದ್ದು ‘ಲೆಕ್ಕ’ದಲ್ಲಿ. ಇಬ್ಬರು ಒಂದೇ ಕೆ ಹಾಕಿದರು. ಬೇರೆ ತಪ್ಪು ಒಂದೂ ಇಲ್ಲ.

ಹಾಗಾಗಿ ಹೆಸರು ‘ಮಳೆ ಲೆಕ್ಕ’ ಅಂತಲೇ ಗಟ್ಟಿ ಮಾಡುತ್ತಿದ್ದೇನೆ. ಹಾನುಬಾಳಿನ ಅಣ್ಣ ಹೇಳಿದ ಮಾತು ನಮ್ಮನೆಯವರಿಗೂ ಒಪ್ಪಿಗೆಯಾಯಿತು. ನಮ್ಮ ಮೇಲಿನ ಗುಡ್ಡದಲ್ಲೂ ಅರೇಬಿಕಾ ಇನ್ನೆಷ್ಟು ವರ್ಷ ಇರುತ್ತೋ ಹೇಳೋಕಾಗಲ್ಲ.

ಈಗ ಉಳಿದಿದ್ದು ಆ ಒಂದು ಕೆ. ಏನು ಮಾಡಲಿ?

ಡಿಟಿಪಿ ಅಂಗಡಿ, ಹಾಸನ

ಎರಡೂ ತಗೊಂಡುಬಿಡಿ ಮೇಡಂ. ಎರಡು ಕೆ ಇರೋದು ಮುಖ್ಯ ವಿಳಾಸ. ಒಂದು ಕೆ ಇರೋದನ್ನು ಅದರ ಕಡೆಗೆ ತಿರುಗಿಸಿ. ಯಾವುದು ಒತ್ತಿದರೂ ನಿಮ್ಮ ಬ್ಲಾಗೇ ತೆರೆಯುತ್ತದೆ. ವಿಸಿಟಿಂಗ್ ಕಾರ್ಡಿನಲ್ಲಿ, ವಾಟ್ಸಾಪ್‌ನಲ್ಲಿ ಎರಡು ಕೆ ಇರೋದನ್ನು ಮಾತ್ರ ಬಳಸಿ. ನಡುವೆ ಅಡ್ಡಗೆರೆ ಹಾಕೋ ಯೋಚನೆ ಬೇಡ, ಫೋನಿನಲ್ಲಿ ಅದನ್ನು ಡ್ಯಾಶ್ ಅಂತ ಒಬ್ಬರು, ಹೈಫನ್ ಅಂತ ಒಬ್ಬರು, ಅಂಡರ್‌ಸ್ಕೋರ್ ಅಂತ ಇನ್ನೊಬ್ಬರು ತಿಳಿದುಕೊಳ್ಳುತ್ತಾರೆ.

ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ. ಎರಡನೇ ವರ್ಷದಿಂದ ನವೀಕರಣಕ್ಕೆ ಎಷ್ಟು ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಅದೇ ನಿಜವಾದ ಬೆಲೆ. ಒಂದೇ ಸಲಕ್ಕೆ 10 ವರ್ಷದವರೆಗೂ ಕಟ್ಟಬಹುದು. ನಿಮ್ಮದು ಬಿಡುವಂಥ ಬ್ಲಾಗ್ ಅಲ್ಲ, ಕೈಯಲ್ಲಿ ಆದಷ್ಟು ವರ್ಷಕ್ಕೆ ಕಟ್ಟಿಬಿಡಿ.

ಇನ್ನೊಂದನ್ನು ಖಂಡಿತ ಮರೆಯಬಾರದು. ನನ್ನಂಥವರು ಯಾರಾದರೂ ಮಾಡಿಕೊಟ್ಟರೂ ವಿಳಾಸ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನ್ ನಂಬರಿನಲ್ಲೇ ಇರಬೇಕು. ನವೀಕರಣದ ಸೂಚನೆ ಆ ಇಮೇಲಿಗೇ ಬರುತ್ತದೆ. ನಮ್ಮೂರಿನ ಒಂದು ಅಂಗಡಿಯವರ ವಿಳಾಸ, ಮಾಡಿಕೊಟ್ಟ ಹುಡುಗನ ಇಮೇಲಿನಲ್ಲಿತ್ತು. ಅವನು ಊರು ಬಿಟ್ಟ. ಸೂಚನೆ ಯಾರೂ ನೋಡಲಿಲ್ಲ, ಅವಧಿ ಮುಗಿಯಿತು, ಬೇರೆ ಯಾರೋ ತಗೊಂಡರು. ಹತ್ತಾರು ಬೋರ್ಡು, ಸಾವಿರಾರು ಬಿಲ್ಲಿನ ಮೇಲೆ ಆ ವಿಳಾಸ ಅಚ್ಚಾಗಿ ಹೋಗಿತ್ತು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು, ನೆಟ್‌ವರ್ಕ್ ವಾರಗಟ್ಟಲೆ ಕೈಕೊಡುತ್ತದೆ. ಅವಧಿ ಮುಗಿಯುವ ತಾರೀಕು ಜುಲೈ, ಆಗಸ್ಟಿನಲ್ಲಿ ಬರದ ಹಾಗೆ ನೋಡಿಕೊಳ್ಳಿ. ಜನವರಿಯಲ್ಲಿ ತಗೊಂಡರೆ ಜನವರಿಗೇ ಮುಗಿಯುತ್ತದೆ.

ಹಾನುಬಾಳು ಬೆಳೆಗಾರ

ಹಾಸನದ ಹುಡುಗ ಹೇಳಿದ್ದು ಸರಿ. ತಾರೀಕನ್ನು ಮಳೆ ಪುಸ್ತಕದಲ್ಲೂ ಬರೆದಿಡಿ ತಂಗಿ.

ಮೊದಲು ಏನು ಹಾಕುತ್ತೀರಿ? ನನ್ನ ಕೇಳಿದರೆ ಮುಂಗಾರಿನಿಂದ ಶುರು ಮಾಡಬೇಡಿ, ಎಲ್ಲರೂ ಅದನ್ನೇ ಬರೆಯೋದು. ಹೂಮಳೆಯಿಂದ ಶುರು ಮಾಡಿ. ಆ ಒಂದು ಇಂಚು ಬಿದ್ದ ತಾರೀಕು, ಅದಾಗಿ ಎಂಟು ಹತ್ತು ದಿನಕ್ಕೆ ಹೂ ಬಿಟ್ಟಿತಾ, ಹೂ ಆದ ಮೇಲೆ ಬೇಕಾಗುವ ಬ್ಯಾಕಿಂಗ್ ಮಳೆ ಯಾವಾಗ ಬಂತು, ಇಷ್ಟನ್ನು ವರ್ಷವಾರು ಹಾಕಿದರೆ ಸಾಕು, ಸಕಲೇಶಪುರದಿಂದ ಕೊಪ್ಪದವರೆಗೂ ಓದುತ್ತಾರೆ. ನಮ್ಮ ಹಾನುಬಾಳಿನ ತಾರೀಕು ಬೇಕಾದರೆ ಫೋಟೋ ತೆಗೆಸಿ ಕಳಿಸುತ್ತೇನೆ. ಪಕ್ಕಪಕ್ಕ ಇಟ್ಟು ನೋಡಬಹುದು.

ತೋಟದಮನೆ, ಬಣಕಲ್

ಖಂಡಿತ ಕಳಿಸಿ ಅಣ್ಣ. ನಮ್ಮ ಪುಸ್ತಕದಲ್ಲಿ ಕೆಲವು ವರ್ಷಗಳ ಮಾರ್ಚ್ ಪುಟವೇ ಅಂಟಿಕೊಂಡು ಹೋಗಿದೆ, ನಿಮ್ಮ ತಾರೀಕು ಇದ್ದರೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ.

ಎರಡು ವಿಳಾಸವನ್ನೂ ನನ್ನ ಹೆಸರಲ್ಲೇ, ನನ್ನ ಇಮೇಲಿನಲ್ಲೇ ತಗೊಂಡೆ. ಅಡಿಬರಹವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ: ‘ಮೂಡಿಗೆರೆ ಬಣಕಲ್‌ನ ಕಾಫಿ ತೋಟದಿಂದ, 1978ರಿಂದ.’ ‘ದಿನವೂ ಬರೆದಿಟ್ಟ ಮಳೆ’ ಅನ್ನೋ ಭಾಗ ಬಿಟ್ಟೆ, ಅದನ್ನು ಮೇಲಿನ ಹೆಸರೇ ಹೇಳುತ್ತದೆ. ಮಗಳ ಫೋನಿನಲ್ಲೂ ನನ್ನ ಹಳೇ ಫೋನಿನಲ್ಲೂ ತುಂಡಾಗದೆ ಕಾಣುತ್ತಿದೆ. ಕಾರ್ಕಳದ ತಂಗಿಗೆ ಒಪ್ಪಿಗೆಯಾ?

ಕಾರ್ಕಳದ ಮಗಳು, ಚಿಕ್ಕಮಗಳೂರು

ಪೂರ್ತಿ ಒಪ್ಪಿಗೆ ಅಕ್ಕ. ಪೆನ್ಸಿಲ್ ಪುಟಗಳ ಫೋಟೋ ತೆಗೆಯುವಾಗ ಫ್ಲ್ಯಾಶ್ ಹಾಕಬೇಡಿ, ಪೆನ್ಸಿಲ್ ಹೊಳೆದು ಅಕ್ಷರ ಕಾಣಲ್ಲ. ಹಗಲು ಬೆಳಕಿನಲ್ಲಿ, ಕಿಟಕಿ ಪಕ್ಕ ಇಟ್ಟು ತೆಗೆಯಿರಿ. ಅಂಕಿ ಟೈಪ್ ಮಾಡೋಕೆ ಕೈ ಬೇಕಿದ್ದರೆ ಹೇಳಿ, ಭಾನುವಾರ ನನಗೆ ಬಿಡುವಿರುತ್ತೆ.